ಯಾರಿಗಾಗಿ ಆರಿಸುತ್ತೇವೆ?

ಅಮೆರಿಕದ ಯೂಟಾದಲ್ಲಿರುವ ಮಗಳು ಹಿಮದ ಬೆಟ್ಟಗಳಿಗೆಂದು ‘ಸ್ಪ್ಲಿಟ್‌ಬೋರ್ಡ್’ ಕೊಳ್ಳಹೊರಟಿದ್ದಳು. ಉದ್ದಕ್ಕೆ ಎರಡು ಹೋಳಾಗುವ ಹಲಗೆಯದು. ಅಡಿಗೆ ಹಿಂದಕ್ಕೆ ಜಾರದಂಥ ಪಟ್ಟಿ ಅಂಟಿಸಿ, ಕಾಲಿಗೊಂದರಂತೆ ಕಟ್ಟಿ ಹತ್ತಬೇಕು. ಮೇಲೆ ಜೋಡಿಸಿ ಜಾರುತ್ತ ಇಳಿಯಬೇಕು. ಅಗಲದ್ದು ಹೊಸ ಹಿಮದಲ್ಲಿ ತೇಲುತ್ತದೆ. ಬಿರುಸಾದದ್ದು ಕಡಿದಾದ ಗಟ್ಟಿ ಹಿಮಕ್ಕೆ. ಹಗುರವಾದದ್ದು ದೂರದ ಏರಿಗೆ.

“ಎಲ್ಲರೂ ಬಿರುಸಾದದ್ದನ್ನೇ ಹೊಗಳ್ತಾರಮ್ಮ.”

“ನೀನು ದಿನವೆಲ್ಲ ಮಾಡೋದೇನೇ?”

“ಹತ್ತೋದು. ಇಳಿಯೋದು ಕೆಲವೇ ನಿಮಿಷ.”

ನಾನೂ ಒಮ್ಮೆ ಒಗ್ಗಿದ ಶಾಲೆ ಬಿಟ್ಟು ಹೆಸರಿದ್ದ ಶಾಲೆ ಸೇರಿ ಆರು ವರ್ಷ ಏದುಸಿರು ಬಿಟ್ಟವಳು. ನೋಡುವವರ ಕಣ್ಣಿಗೆ ಇಳಿಜಾರಿನ ಸೊಗಸು. ನಮ್ಮ ಪಾಲಿಗೆ ದಿನವಿಡೀ ಏರು.

ಮಗಳು ಹಗುರವಾದದ್ದನ್ನೇ ಕೊಂಡಳು. ನಮ್ಮ ಅಳತೆಯನ್ನು ನಾವೇ ಒಪ್ಪಿಕೊಳ್ಳಲು ಧೈರ್ಯ ಬೇಕು. ಹಿಮ ಕುಸಿಯುವ ಸೂಚನೆ ಕಂಡಾಗ ಹಿಂದಿರುಗಲೂ ಅದೇ ಧೈರ್ಯ ಬೇಕು. ಯಾವ ಹಲಗೆಯೂ ಅದನ್ನು ಕೊಡದು.