ನಿರಾಕರಣೆಯೂ ಸುಳ್ಳಾಗಬಹುದೇ?

ವಿದೇಶಿ ಪತ್ರಿಕೆಗಳು ಆರೋಪ ಹೊರಿಸಿದಾಗ ಸರಕಾರಗಳು ಕೂಡಲೇ ಹೇಳಿಕೆ ಹೊರಡಿಸುತ್ತವೆ: ಇದೆಲ್ಲ ಅಪಪ್ರಚಾರ! ಕೆಲವೊಮ್ಮೆ ಆ ಮಾತು ನಿಜವೂ ಆಗಿರುತ್ತದೆ. ಆದರೆ ಎದುರಾಳಿಯ ಸುಳ್ಳನ್ನು ತೋರಿಸಿಕೊಟ್ಟ ಮಾತ್ರಕ್ಕೆ ಒಬ್ಬನು ಸತ್ಯವಂತನಾಗುತ್ತಾನೆಯೇ?

1986ರ ಎಪ್ರಿಲ್ 26ರಂದು ಅಂದಿನ ಸೋವಿಯತ್ ಒಕ್ಕೂಟದ ಚೆರ್ನೋಬಿಲ್ ಅಣುಸ್ಥಾವರ ಸ್ಫೋಟಗೊಂಡಿತು. ಸರಕಾರ ಬಾಯಿ ಬಿಡಲಿಲ್ಲ. 28ರಂದು ಸ್ವೀಡನ್ನಿನಲ್ಲಿ ವಿಕಿರಣದ ಕುರುಹು ಕಂಡು ಪ್ರಶ್ನೆಗಳು ಎದ್ದ ಮೇಲೆಯೇ ಮಾಸ್ಕೋ ಕೆಲವೇ ವಾಕ್ಯಗಳ ಪ್ರಕಟಣೆ ನೀಡಿತು. ಸುದ್ದಿ ಮುಚ್ಚಿದಲ್ಲಿ ವದಂತಿ ಹಬ್ಬುತ್ತದೆ. ಎರಡು ಸಾವಿರ ಮಂದಿ ಸತ್ತರೆಂದು ಅಮೆರಿಕದ ಸುದ್ದಿಸಂಸ್ಥೆಯೊಂದು ವರದಿ ಮಾಡಿತು. ಅದು ಸುಳ್ಳು. ಸತ್ತವರು ಇಬ್ಬರೇ ಎಂದು ಸರಕಾರ ಉತ್ತರಿಸಿತು. ಆ ದಿನದ ಮಟ್ಟಿಗೆ ಅದು ಸರಿಯಾದ ಲೆಕ್ಕವೇ. ಮೇ 14ರಂದು ಗೋರ್ಬಚೇವ್ ಟೆಲಿವಿಷನ್ನಿನಲ್ಲಿ ಮಾತನಾಡಿ ಪಾಶ್ಚಾತ್ಯ ಮಾಧ್ಯಮಗಳ ಸುಳ್ಳುಗಳನ್ನು ಕಟುವಾಗಿ ಖಂಡಿಸಿದರು.

ಆದರೆ ಈ ನಡುವೆ ಏನಾಗಿತ್ತು? ಮೇ 1ರಂದು ಕೀವ್ ನಗರದ ಬೀದಿಗಳಲ್ಲಿ ಮಕ್ಕಳೂ ಸೇರಿದಂತೆ ಜನರು ಮೆರವಣಿಗೆಯಲ್ಲಿ ನಡೆದಿದ್ದರು. ಹಳ್ಳಿಗಳಲ್ಲಿ ತಾಯಂದಿರು ಎಂದಿನಂತೆ ಮಕ್ಕಳಿಗೆ ಹಾಲು ಕುಡಿಸಿದ್ದರು. ವಿಕಿರಣಶೀಲ ಅಯೋಡಿನ್ ಹುಲ್ಲಿನಿಂದ ಹಸುವಿಗೆ, ಹಸುವಿನಿಂದ ಹಾಲಿಗೆ, ಹಾಲಿನಿಂದ ಮಗುವಿನ ಥೈರಾಯಿಡ್ ಗ್ರಂಥಿಗೆ ಸೇರುತ್ತದೆ. ಅದರ ಬಲ ಎಂಟು ದಿನಗಳಿಗೊಮ್ಮೆ ಅರ್ಧಕ್ಕಿಳಿಯುತ್ತದೆ. ಕೆಲವು ವಾರ ಆ ಹಾಲು ಕೊಡಬೇಡಿ ಎಂದು ಹೇಳಿದ್ದರೆ ಎಷ್ಟೋ ಮಕ್ಕಳು ಉಳಿದುಕೊಳ್ಳುತ್ತಿದ್ದರು. ಅಂದು ಮಕ್ಕಳಾಗಿದ್ದವರಲ್ಲಿ 2005ರ ವೇಳೆಗೆ 6,000ಕ್ಕೂ ಹೆಚ್ಚು ಮಂದಿಗೆ ಥೈರಾಯಿಡ್ ಕ್ಯಾನ್ಸರ್ ಕಂಡುಬಂತು. ಅದರಲ್ಲಿ ಗಣನೀಯ ಪಾಲಿಗೆ ಆ ಹಾಲೇ ಕಾರಣವೆಂದು ವಿಶ್ವಸಂಸ್ಥೆಯ ವಿಜ್ಞಾನಿಗಳ ಸಮಿತಿ ಹೇಳಿದೆ.

ಪ್ರವಾದಿ(ಸ)ರವರು ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟು ನೋಡಿದ ಘಟನೆ ನಮಗೆಲ್ಲ ತಿಳಿದಿದೆ. ಮೇಲೆ ಒಣಗಿದ ಧಾನ್ಯ, ಒಳಗೆ ಒದ್ದೆ. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದನು. ಹಾಗಿದ್ದರೆ ಒದ್ದೆಯಾದುದನ್ನು ಜನರಿಗೆ ಕಾಣುವಂತೆ ಮೇಲಿಡಬಾರದಿತ್ತೇ ಎಂದು ಅವರು ಕೇಳಿದರು ಮತ್ತು ವಂಚಿಸುವವನು ತಮ್ಮವನಲ್ಲವೆಂದು ಎಚ್ಚರಿಸಿದರು. ಗಮನಿಸಿ, ಮೇಲಿದ್ದ ಧಾನ್ಯ ನಿಜಕ್ಕೂ ಒಣಗಿತ್ತು. ಸರಕಾರ ಕೊಟ್ಟ ಲೆಕ್ಕವೂ ಅಂಥದ್ದೇ. ಸತ್ಯದ ಒಂದು ತುಣುಕಿನಿಂದಲೇ ಉಳಿದ ಸತ್ಯವನ್ನು ಮುಚ್ಚಲಾಯಿತು.

ಹಾಗೆಂದು ವದಂತಿಯನ್ನು ಸುದ್ದಿಯಾಗಿಸಿದವರು ನಿರ್ದೋಷಿಗಳಲ್ಲ. ಬಂದ ಸುದ್ದಿಯನ್ನು ಪರಿಶೀಲಿಸದೆ ನಂಬಬಾರದೆಂದು ಹುಜುರಾತ್ ಅಧ್ಯಾಯ ಕಲಿಸುತ್ತದೆ. ಅವರ ಉತ್ಪ್ರೇಕ್ಷೆಯೇ ಆಳುವವರಿಗೆ ಅಡಗಿಕೊಳ್ಳಲು ನೆರಳಾಯಿತು. ಆದರೆ ಆಳುವವರು ಸತ್ಯವನ್ನು ಮೊದಲು ಹೇಳಬೇಕಾದದ್ದು ಪತ್ರಿಕೆಗಳಿಗಲ್ಲ, ಆ ತಾಯಂದಿರಿಗೆ. ಅಧಿಕಾರವೆಂಬುದು ಅಮಾನತ್ತು. ಅದರ ವಿಚಾರಣೆ ಅಲ್ಲಾಹನ ಮುಂದಿದೆ.

ಈ ರೋಗ ಸರಕಾರಗಳಿಗೆ ಮಾತ್ರವೇ? ನಮ್ಮ ಮನೆಯ, ಜಮಾಅತಿನ, ಸಂಸ್ಥೆಯ ಬಗ್ಗೆ ಹೊರಗಿನವರು ಹತ್ತು ಮಾತು ಆಡಿದರೆ ಅದರಲ್ಲಿ ಸುಳ್ಳಾದ ಏಳನ್ನು ಹಿಡಿದು ನಾವೂ ಗದ್ದಲವೆಬ್ಬಿಸುತ್ತೇವೆ. ಉಳಿದ ಮೂರರಿಂದ ನೊಂದವರು ನಮ್ಮೊಳಗೇ ಇದ್ದಾರಲ್ಲ, ಅವರಿಗೆ ಯಾರು ಉತ್ತರಿಸಬೇಕು?