ಮೇಲ್ಮಣ್ಣಿನ ಋಣ

ಭೂಗರ್ಭದ ಕಲ್ಲಿದ್ದಲು ಗಣಿಯಿಂದ ಮೇಲಿನ ನೆಲಕ್ಕೇನೂ ಆಗದೆಂದು ನೀವು ಭಾವಿಸಿರಬಹುದು. ಆದರೆ ಸುರಂಗದ ಬಾಯಿ, ರಸ್ತೆ, ಕಲ್ಲಿದ್ದಲು ಸುರಿಯುವ ಅಂಗಳ ಇವೆಲ್ಲಕ್ಕೂ ಮೇಲಿನ ನೆಲವೇ ಬೇಕು. ಅಮೆರಿಕದ 1977ರ ಗಣಿ ಕಾಯಿದೆಯು ಈ ನೆಲವನ್ನೂ ಒಳಗೊಂಡಿತು. ಮೇಲ್ಮಣ್ಣನ್ನು ಮೊದಲೇ ಬೇರೆಯಾಗಿ ತೆಗೆದು, ಕಾಪಾಡಿ, ಗಣಿ ಮುಗಿದ ಮೇಲೆ ಮರಳಿ ಹರಡಬೇಕು. ಅದಕ್ಕಾಗಿ ಯುಟಾದಂಥ ರಾಜ್ಯಗಳಲ್ಲಿ ಮುಂಚಿತವಾಗಿ ಮಣ್ಣಿನ ಸಮೀಕ್ಷೆ ನಡೆಯುತ್ತದೆ. ಸಮೀಕ್ಷಕರು ಗುಂಡಿ ತೋಡಿ, ಪದರ ಪದರವಾಗಿ ಬಣ್ಣ, ಕಲ್ಲಿನ ಪ್ರಮಾಣ, ಬೇರಿಳಿದ ಆಳ, ಲವಣಾಂಶಗಳನ್ನು ಬರೆದಿಡುತ್ತಾರೆ. ಎಷ್ಟು ಆಳದವರೆಗೆ ಮಣ್ಣನ್ನು ಉಳಿಸಿಕೊಳ್ಳಬೇಕೆಂಬುದು ಆ ಬರಹದಿಂದಲೇ ನಿರ್ಧಾರವಾಗುತ್ತದೆ.

ನನ್ನನ್ನು ಕಾಡುವುದು ನಡುವಿನ ಕಾಲ. ಇಂಥ ಗಣಿ ಹಲವು ದಶಕ ನಡೆಯಬಹುದು. ಮಣ್ಣು ತೆಗೆದವರು ಅದನ್ನು ಮರಳಿಸುವ ದಿನಕ್ಕೆ ಬದುಕಿರುತ್ತಾರೆಂಬ ಭರವಸೆಯಿಲ್ಲ. ರಾಶಿಯ ಮೇಲೆ ಹುಲ್ಲು ಬಿತ್ತಿ ಫಲಕ ನೆಟ್ಟರೂ, ಒಳಗೆ ಗಾಳಿಯಾಡದೆ ಸೂಕ್ಷ್ಮಜೀವಿಗಳು ಕುಂದುತ್ತವೆ. ಮರಳಿ ಬರುವುದು ಸೊರಗಿದ ಮಣ್ಣು. ಕಾಯಿದೆ ಠೇವಣಿ ಇರಿಸಿಕೊಳ್ಳುತ್ತದೆ, ನಿಜ. ನೆಲ ಚೇತರಿಸಿತೆಂದು ಕಂಡಾಗ ಹಣ ಬಿಡುಗಡೆಯಾಗುತ್ತದೆ. ಅಲ್ಲಿಗೆ ಋಣ ತೀರಿತೇ? ತೀರಿತೆನ್ನಲು ನನ್ನ ಮನಸ್ಸೊಪ್ಪದು. ಆದರೂ ಆ ಗುಂಡಿಯ ಬರಹವನ್ನು ಬರಿಯ ಕಾಗದವೆಂದು ತಳ್ಳಿಹಾಕಲಾರೆ. ಮೂವತ್ತು ವರ್ಷಗಳ ನಂತರ, ಅಲ್ಲಿ ಮೊದಲು ಏನಿತ್ತೆಂದು ಕಂಡಿರದ ಯಾರೋ ಒಬ್ಬರು ಅದನ್ನು ತೆರೆದು, ತಮ್ಮ ಅಂಗೈಯಲ್ಲಿರುವ ಮಣ್ಣಿನೊಡನೆ ಹೋಲಿಸಿ ನೋಡಬಲ್ಲರು.