ಗಾಜಿನ ಬೀರುವಿನ ಮುಂದೆ



ಕುಟುಂಬ ಭೇಟಿಗೆಂದು ಒಂದು ಸಂಜೆ ನಮ್ಮ ಧರ್ಮಕೇಂದ್ರದ ಮನೆಯೊಂದಕ್ಕೆ ಹೋಗಿದ್ದೆ. ಪ್ರಾರ್ಥನೆ ಮುಗಿಸಿ, ಮನೆಯ ಮೂಲೆ ಮೂಲೆಗೂ ತೀರ್ಥ ಪ್ರೋಕ್ಷಿಸಿ ಕುಳಿತಿದ್ದೆ. ಕಾಫಿ ಬರುವಷ್ಟರಲ್ಲಿ ಮನೆಯ ಯಜಮಾನರು, "ಬನ್ನಿ ಫಾದರ್, ನಿಮಗೊಂದು ತೋರಿಸಬೇಕು" ಎಂದು ಒಳಕೋಣೆಗೆ ಕರೆದುಕೊಂಡು ಹೋದರು. ಗೋಡೆಯುದ್ದಕ್ಕೂ ಗಾಜಿನ ಬೀರು. ಒಳಗೆ ದೀಪ. ಆ ಬೆಳಕಿನಲ್ಲಿ ಸಾಲುಸಾಲಾಗಿ ಪುಟ್ಟ ಪುಟ್ಟ ಕಾರುಗಳು, ಕೆಳಗಿನ ಸಾಲಿನಲ್ಲಿ ಮೋಟಾರ್ ಬೈಕುಗಳು. ಲೋಹದಲ್ಲಿ ಎರಕ ಹೊಯ್ದ, ಅಸಲಿ ವಾಹನದ ಪಡಿಯಚ್ಚಿನಂತಿರುವ ಮಾದರಿಗಳು. ಡೈಕಾಸ್ಟ್ ಎನ್ನುತ್ತಾರೆ. ಬೈಕುಗಳ ಹ್ಯಾಂಡಲ್ ತಿರುಗುತ್ತದೆ, ಸ್ಟ್ಯಾಂಡು ಮಡಿಚುತ್ತದೆ, ಟೈರುಗಳು ನಿಜವಾದ ರಬ್ಬರಿನವು. ಎಷ್ಟಿವೆ ಎಂದು ಕೇಳಿದೆ. "ಆರುನೂರ ಹದಿನೆಂಟು ಫಾದರ್" ಎಂದರು. ಎಣಿಕೆ ನಾಲಿಗೆಯ ತುದಿಯಲ್ಲೇ ಇತ್ತು.

ನೋಡುವುದಕ್ಕೆ ಬಹಳ ಚೆಂದವಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ನನ್ನ ಕಣ್ಣು ಬೇರೆಡೆಗೆ ಹೋಯಿತು. ಅವರ ಆರು ವರ್ಷದ ಮಗ ನಮ್ಮ ಹಿಂದೆಯೇ ಬಂದು ಬೀರುವಿನ ಮುಂದೆ ನಿಂತಿದ್ದ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದ. ನಾನು ಗಮನಿಸಿದ್ದನ್ನು ಕಂಡು ತಂದೆ ಹೆಮ್ಮೆಯಿಂದಲೇ ಹೇಳಿದರು: "ಒಂದು ಸಲವೂ ಮುಟ್ಟಿಲ್ಲ ಫಾದರ್. ಹಾಗೆ ಅಭ್ಯಾಸ ಮಾಡಿಸಿದ್ದೇನೆ."

ಹೊರಡುವಾಗ ಗೇಟಿನವರೆಗೆ ಬಂದ ಆ ತಾಯಿ ತಗ್ಗಿದ ದನಿಯಲ್ಲಿ ಹೇಳಿದ್ದು ಒಂದೇ ಮಾತು. "ಪಾರ್ಸೆಲ್ಲುಗಳು ಈಗ ಮನೆಗೆ ಬರುವುದಿಲ್ಲ ಫಾದರ್, ಇವರ ಆಫೀಸಿಗೆ ಬರುತ್ತವೆ."

ಅಂದು ನಾನು ಏನೂ ಹೇಳಲಿಲ್ಲ. ಹೇಳಬೇಕಾಗಿತ್ತು. ಆ ಮನೆಯವರ ಒಪ್ಪಿಗೆ ಪಡೆದೇ ಈ ವಾರ ಅದನ್ನು ನಿಮ್ಮೆಲ್ಲರ ಮುಂದೆ ಇಡುತ್ತಿದ್ದೇನೆ. ಏಕೆಂದರೆ ಇದು ಒಬ್ಬರ ಮನೆಯ ಮಾತಲ್ಲ. ನಿಮ್ಮ ಮನೆಯಲ್ಲಿ ಕಾರುಗಳ ಬದಲು ಅಂಚೆಚೀಟಿಯೋ, ಹಳೆಯ ನಾಣ್ಯವೋ, ಉಡದೆ ಮಡಿಚಿಟ್ಟ ಸೀರೆಯೋ ಇರಬಹುದು. ನಾನೂ ಹುಡುಗನಾಗಿದ್ದಾಗ ಬೆಂಕಿಪೊಟ್ಟಣದ ಮೇಲಿನ ಚಿತ್ರಗಳನ್ನು ಕೂಡಿಡುತ್ತಿದ್ದೆ. ಅದಕ್ಕಾಗಿ ತಮ್ಮನೊಡನೆ ಎಷ್ಟು ಸಲ ಜಗಳವಾಡಿದ್ದೇನೋ ಲೆಕ್ಕವಿಲ್ಲ.

ಬೆಂಕಿಪೊಟ್ಟಣ ಎಂದಾಗ ನೆನಪಾಯಿತು. ಈ ಪುಟ್ಟ ಕಾರುಗಳ ಚರಿತ್ರೆಯಲ್ಲಿ ಒಂದು ಬೆಂಕಿಪೊಟ್ಟಣದ ಕಥೆಯಿದೆ. ಲಂಡನ್ನಿನಲ್ಲಿ 1947ರಲ್ಲಿ ಆರಂಭವಾದ ಲೆಸ್ನಿ ಎಂಬ ಸಣ್ಣ ಎರಕದ ಕಾರ್ಖಾನೆಯಲ್ಲಿ ಜ್ಯಾಕ್ ಓಡೆಲ್ ಎಂಬ ನುರಿತ ಕುಶಲಕರ್ಮಿ ಪಾಲುದಾರರಾಗಿದ್ದರು. ಅವರ ಮಗಳ ಶಾಲೆಯಲ್ಲಿ ಒಂದು ನಿಯಮವಿತ್ತು. ಬೆಂಕಿಪೊಟ್ಟಣದೊಳಗೆ ಹಿಡಿಸುವ ಆಟಿಕೆಯನ್ನು ಮಾತ್ರ ಮಕ್ಕಳು ಶಾಲೆಗೆ ತರಬಹುದು. ಆಗ ತಂದೆ 1952ರಲ್ಲಿ ಹಿತ್ತಾಳೆಯಲ್ಲಿ ಒಂದು ಪುಟಾಣಿ ರೋಡ್ ರೋಲರ್ ಮಾಡಿ, ಬೆಂಕಿಪೊಟ್ಟಣದಲ್ಲಿಟ್ಟು ಮಗಳ ಕೈಗೆ ಕೊಟ್ಟರು. ಶಾಲೆಯ ಮಕ್ಕಳೆಲ್ಲ ತಮಗೂ ಬೇಕೆಂದರು. ಮರುವರ್ಷವೇ 'ಮ್ಯಾಚ್‌ಬಾಕ್ಸ್' ಎಂಬ ಹೆಸರಿನಲ್ಲಿ ಆ ಕಾರುಗಳು ಅಂಗಡಿಗೆ ಬಂದವು. 1953 ಇಂಗ್ಲೆಂಡಿನ ರಾಣಿಯ ಪಟ್ಟಾಭಿಷೇಕದ ವರ್ಷ. ಲೆಸ್ನಿಯವರು ಮಾಡಿದ ಪುಟ್ಟ ಪಟ್ಟಾಭಿಷೇಕದ ಸಾರೋಟು ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು.

ಲಕ್ಷಗಟ್ಟಲೆ ಮಾರಾಟವಾದ ಆ ಕಾರುಗಳ ಮೂಲದಲ್ಲಿ ಇರುವುದು ಒಬ್ಬ ತಂದೆ ಒಂದು ಮಗುವಿನ ಮುಷ್ಟಿಯ ಅಳತೆ ನೋಡಿ ಮಾಡಿದ ಒಂದು ವಸ್ತು. ಅದು ಇಷ್ಟು ಚಿಕ್ಕದಾದದ್ದು ಮಗು ಅದನ್ನು ಹಿಡಿದುಕೊಂಡು ಹೋಗಲಿ ಎಂದು. ಅದಕ್ಕಿಂತ ಹಿಂದೆ, 1934ರಿಂದ 'ಡಿಂಕಿ' ಎಂಬ ಹೆಸರು ಹೊತ್ತ ಲಿವರ್‌ಪೂಲಿನ ಕಾರುಗಳೂ ಮೊದಲು ಹುಟ್ಟಿದ್ದು ಮಕ್ಕಳ ಆಟದ ರೈಲಿನ ಪಕ್ಕದಲ್ಲಿ ನಿಲ್ಲಿಸಲೆಂದೇ. ಸೃಷ್ಟಿಯ ಪ್ರತಿಯೊಂದು ವಸ್ತುವಿಗೂ ಒಂದು ಉದ್ದೇಶವಿದೆ ಎಂದು ನಮ್ಮ ಧರ್ಮಸಭೆ ಬೋಧಿಸುತ್ತದೆ. ಮನುಷ್ಯ ಮಾಡಿದ ಆಟಿಕೆಗೂ ಉದ್ದೇಶವಿಲ್ಲವೇ?

ಈಗ ಇನ್ನೊಂದು ಹೆಸರು. ಅಮೆರಿಕದ ಮ್ಯಾಟೆಲ್ ಸಂಸ್ಥೆ 1968ರಲ್ಲಿ ಹದಿನಾರು ಕಾರುಗಳೊಂದಿಗೆ ಆರಂಭಿಸಿದ 'ಹಾಟ್ ವೀಲ್ಸ್'. ಅಸಲಿ ಕಾರಿನ ಸುಮಾರು ಅರವತ್ತನಾಲ್ಕನೇ ಒಂದು ಭಾಗದಷ್ಟು ಗಾತ್ರ, ಅಂಗೈಯಲ್ಲಿ ಅಡಗುವಷ್ಟು. ನಮ್ಮ ಊರುಗಳ ಆಟಿಕೆ ಅಂಗಡಿಯಲ್ಲಿ, ಸೂಪರ್ ಮಾರ್ಕೆಟ್ಟಿನ ಕೊಕ್ಕೆಗಳಲ್ಲಿ ಸುಮಾರು 200 ರೂಪಾಯಿಗೆ ನೇತಾಡುವುದು ಇವೇ. 1995ರಲ್ಲಿ ಆ ಸಂಸ್ಥೆ ಹನ್ನೆರಡು ವಿಶೇಷ ಕಾರುಗಳನ್ನು, ಒಂದೊಂದರಲ್ಲಿ ಹತ್ತು ಸಾವಿರ ಮಾತ್ರ, ಮಾಮೂಲಿ ಕಾರುಗಳ ನಡುವೆ ಬೆರೆಸಿ ಮಾರುಕಟ್ಟೆಗೆ ಬಿಟ್ಟಿತು. ಅದಕ್ಕೆ ಇಟ್ಟ ಹೆಸರು 'ಟ್ರೆಷರ್ ಹಂಟ್'. ನಿಧಿಯ ಬೇಟೆ! ಅಂದಿನಿಂದ ವರ್ಷ ವರ್ಷವೂ ಆ ಬೇಟೆ ನಡೆದೇ ಇದೆ. ಅಂಗಡಿಗೆ ಹೊಸ ಪೆಟ್ಟಿಗೆ ಯಾವ ದಿನ ಬರುತ್ತದೆಂದು ತಿಳಿದುಕೊಂಡು, ಬಾಗಿಲು ತೆರೆಯುವ ಮೊದಲೇ ಹೋಗಿ ನಿಲ್ಲುವ ದೊಡ್ಡವರಿದ್ದಾರೆ. ಬೇಕಾದದ್ದನ್ನೆಲ್ಲ ಆರಿಸಿಕೊಂಡು ಹೋದ ಮೇಲೆ, ಮಧ್ಯಾಹ್ನ ಅಮ್ಮನ ಕೈಹಿಡಿದು ಬರುವ ಮಗುವಿಗೆ ಸಿಗುವುದು ಉಳಿದದ್ದು. ಕೆಲವರು ಅದೇ ಕಾರನ್ನು ಕೊಂಡ ಬೆಲೆಯ ಹಲವು ಪಟ್ಟಿಗೆ ಮಾರುತ್ತಾರೆ. ಕೆಲವರು ಒಂದೇ ಮಾದರಿಯಲ್ಲಿ ಎರಡು ಕೊಳ್ಳುತ್ತಾರೆ: ಒಂದು ಬಿಚ್ಚಿ ನೋಡಲು, ಒಂದು ಬಿಚ್ಚದೆ ಇಡಲು. ಪೊಟ್ಟಣ ಹರಿದರೆ ಬೆಲೆ ಇಳಿಯುತ್ತದಂತೆ. ಎಂದೂ ನೆಲದ ಮೇಲೆ ಉರುಳದ ಚಕ್ರಕ್ಕೆ ಹೆಚ್ಚು ಬೆಲೆ!

ನಿಧಿ ಎಂಬ ಮಾತು ಶುಭಸಂದೇಶದಲ್ಲೂ ಇದೆಯಲ್ಲವೇ? ಸಂತ ಮತ್ತಾಯರ ಹದಿಮೂರನೇ ಅಧ್ಯಾಯವನ್ನು ತೆರೆದು ನೋಡಿ. ಹೊಲದಲ್ಲಿ ಹೂತಿಟ್ಟ ನಿಧಿ ಕಂಡವನು ಏನು ಮಾಡಿದ? ಆನಂದದಿಂದ ಹೋಗಿ ತನಗಿದ್ದದ್ದನ್ನೆಲ್ಲ ಮಾರಿ ಆ ಹೊಲ ಕೊಂಡ. ಅವನು ಗುಟ್ಟಾಗಿ ಆಫೀಸಿನ ವಿಳಾಸಕ್ಕೆ ತರಿಸಿಕೊಳ್ಳಲಿಲ್ಲ. ಸಂಗ್ರಹಕಾರರಿಗೆ ಆ ಆನಂದ ಏನೆಂದು ಚೆನ್ನಾಗಿ ಗೊತ್ತು, ಬಹುಶಃ ನಮಗಿಂತ ಚೆನ್ನಾಗಿ. ಹುಡುಕುವ ಹಂಬಲ, ಸಿಕ್ಕಾಗ ಎದೆ ಹಾರುವುದು, ಒಂದು ಚಿಕ್ಕ ವಸ್ತುವನ್ನು ಗಂಟೆಗಟ್ಟಲೆ ಪ್ರೀತಿಯಿಂದ ನೋಡುವ ತಾಳ್ಮೆ. ಇವನ್ನು ದೇವರೇ ನಮ್ಮಲ್ಲಿಟ್ಟಿದ್ದಾರೆ. ಆದ್ದರಿಂದ ಕಾರು ಕೂಡಿಡುವುದು ಪಾಪವೆಂದು ನಾನು ಹೇಳಲಾರೆ. ಕುಡಿತಕ್ಕೋ ಇಸ್ಪೀಟಿಗೋ ಸುರಿಯುವುದಕ್ಕಿಂತ ಇದು ಮೇಲಲ್ಲವೇ ಎಂದು ಕೇಳುವವರಿಗೂ ನನ್ನ ಉತ್ತರ: ಹೌದು, ಮೇಲು. ಆದರೆ ಪ್ರಭು ಯೇಸು ಹೇಳಿದ ಬುದ್ಧಿಗೇಡಿ ಧನಿಕ ಕುಡುಕನೂ ಆಗಿರಲಿಲ್ಲ, ಕಳ್ಳನೂ ಆಗಿರಲಿಲ್ಲ. ಅವನ ಹೊಲ ಚೆನ್ನಾಗಿ ಬೆಳೆದಿತ್ತು, ಅಷ್ಟೇ. ಸಂತ ಲೂಕರು ಬರೆದ ಆ ಸಾಮತಿಯನ್ನು ಮತ್ತೊಮ್ಮೆ ಓದಿ. ಆ ಮನುಷ್ಯ ಮಾತಾಡುವುದೆಲ್ಲ ತನ್ನೊಂದಿಗೇ. ನನ್ನ ಬೆಳೆ, ನನ್ನ ಕಣಜ, ನನ್ನ ಪ್ರಾಣ. ಅವನ ಮನೆಯಲ್ಲಿ ಹೆಂಡತಿ ಇದ್ದಳೇ, ಮಕ್ಕಳಿದ್ದರೇ ಎಂದು ನಮಗೆ ತಿಳಿಯುವುದೇ ಇಲ್ಲ.

ಇನ್ನು ತುಕ್ಕಿನ ಮಾತು. ಲೋಕದ ನಿಧಿಗೆ ನುಸಿ ಹಿಡಿಯುತ್ತದೆ, ಕಿಲುಬು ಹಿಡಿಯುತ್ತದೆ, ಕಳ್ಳರು ಕನ್ನ ಹಾಕುತ್ತಾರೆ ಎಂದು ಪ್ರಭುವು ಪರ್ವತ ಪ್ರಸಂಗದಲ್ಲಿ ಎಚ್ಚರಿಸಿದರು. ಗಾಜಿನ ಬೀರುವಿಗೆ ಬೀಗ ಹಾಕಿದರೆ ಕಳ್ಳನನ್ನು ತಡೆಯಬಹುದು. ಆದರೆ ಈ ಕಾರುಗಳಿಗೆ ಬರುವ ಒಂದು ರೋಗವಿದೆ, ಅದಕ್ಕೆ ಬೀಗವೂ ಇಲ್ಲ, ಮದ್ದೂ ಇಲ್ಲ. ಕಾರಿನ ಮೈ ಕಬ್ಬಿಣದ್ದಲ್ಲ, ಸತುವಿನದು. ಸತುವಿಗೆ ಸ್ವಲ್ಪ ಅಲ್ಯೂಮಿನಿಯಂ, ಇನ್ನೂ ಸ್ವಲ್ಪ ತಾಮ್ರ, ಮೆಗ್ನೀಸಿಯಂ ಬೆರೆಸಿ, ಕರಗಿಸಿ, ಉಕ್ಕಿನ ಅಚ್ಚಿನೊಳಗೆ ಬಲವಾದ ಒತ್ತಡದಿಂದ ನುಗ್ಗಿಸುತ್ತಾರೆ. ಕೆಲವೇ ಕ್ಷಣಗಳಲ್ಲಿ ಅದು ಗಟ್ಟಿಯಾಗಿ ಕಾರಿನ ಮೈಯಾಗುತ್ತದೆ. ಆದರೆ ಸತು ಬಹಳ ಶುದ್ಧವಾಗಿರಬೇಕು, ನೂರಕ್ಕೆ 99.99 ಪಾಲು. ಅದರಲ್ಲಿ ಅತ್ಯಲ್ಪ ಸೀಸ ಬೆರೆತರೂ ಸಾಕು, ಲೋಹ ಗಾಳಿಯ ತೇವ ಹೀರಿ ಒಳಗಿಂದೊಳಗೇ ಬಿರಿಯುತ್ತದೆ. ಮೊದಲು ಬಣ್ಣದ ಮೇಲೆ ಕೂದಲೆಳೆಯಂಥ ಗೆರೆ. ಆಮೇಲೆ ಮೈ ಉಬ್ಬಿ ಸೊಟ್ಟಗಾಗುತ್ತದೆ. ಕೊನೆಗೆ ಬೆರಳಲ್ಲಿ ಹಿಡಿದರೆ ಬಿಸ್ಕತ್ತಿನಂತೆ ಪುಡಿ. ಎರಡನೇ ಮಹಾಯುದ್ಧಕ್ಕೆ ಮುಂಚಿನ ಡಿಂಕಿ ಕಾರುಗಳು ಎಷ್ಟೋ ಹೀಗೆಯೇ ಹಾಳಾಗಿವೆ. ಮೃದುವಾದ ಬಟ್ಟೆಯಲ್ಲಿ ಸುತ್ತಿ, ಪೆಟ್ಟಿಗೆಯಲ್ಲಿಟ್ಟು, ಯಾರೂ ಮುಟ್ಟದಂತೆ ಕಾಪಾಡಿದವೂ ಪುಡಿಯಾದವು. ಹೊರಗಿನಿಂದ ಯಾವ ಶತ್ರುವೂ ಬರಲಿಲ್ಲ. ಎರಕ ಹೊಯ್ದ ದಿನವೇ ಅದು ಒಳಗಿತ್ತು.

ಈ ವಿಷಯ ಓದಿದಂದಿನಿಂದ ಪಾಪನಿವೇದನೆಗೆ ಬರುವವರ ಮಾತು ಕೇಳುವಾಗ ನನಗೆ ಆ ಸೀಸದ ಚೂರು ನೆನಪಾಗುತ್ತದೆ. ಕಾರು ಕೊಂಡದ್ದು ಸತು. ಹೆಂಡತಿಗೆ ಹೇಳದೆ ಕೊಂಡದ್ದು ಸೀಸ. ಗೆಳೆಯನ ಬಳಿ ಇರುವುದು ನನ್ನ ಬಳಿ ಇಲ್ಲವೆಂದು ನಿದ್ದೆಗೆಟ್ಟದ್ದು ಸೀಸ. ಹತ್ತನೆಯ ಕಟ್ಟಳೆ ಹೇಳುವುದು ಅದನ್ನೇ. ಪ್ರಮಾಣ ಎಷ್ಟು ಕಡಿಮೆ ಎಂದು ಕೇಳಬೇಡಿ. ಲೋಹದಲ್ಲಿ ಶೇಕಡ ಒಂದರ ನೂರನೇ ಒಂದು ಪಾಲಿನಷ್ಟನ್ನೂ ಸಹಿಸುವುದಿಲ್ಲವಂತೆ.

ಆ ಯಜಮಾನರನ್ನು ಕೆಲವು ತಿಂಗಳ ನಂತರ ಮತ್ತೆ ಭೇಟಿಯಾದೆ. ಈ ಬಾರಿ ಅವರೇ ಬಂದಿದ್ದರು. ಮಾತಾಡುತ್ತಾ ಕುಳಿತಾಗ ಅವರ ಬಾಲ್ಯ ತೆರೆದುಕೊಂಡಿತು. ತಂದೆ ಬಾಡಿಗೆ ಅಂಬಾಸಡರ್ ಓಡಿಸುತ್ತಿದ್ದರು. ಸ್ವಂತದ್ದಲ್ಲ, ಯಾರದೋ ಕಾರು. ಮನೆಯಲ್ಲಿ ಐದು ಮಕ್ಕಳು. ಪೇಟೆಬೀದಿಯ ಒಂದು ಅಂಗಡಿಯ ಗಾಜಿನೊಳಗೆ ಆಟದ ಕಾರುಗಳಿದ್ದವು. ಶಾಲೆ ಬಿಟ್ಟ ಮೇಲೆ ದಿನವೂ ಅದರ ಮುಂದೆ ನಿಲ್ಲುತ್ತಿದ್ದರಂತೆ. ಅಂಗಡಿಯವರು ಗದರುತ್ತಾರೆಂದು ಗಾಜಿಗೆ ಕೈ ತಾಗಿಸುತ್ತಿರಲಿಲ್ಲ.

"ಕೈ ಎಲ್ಲಿಟ್ಟುಕೊಳ್ಳುತ್ತಿದ್ದಿರಿ?" ಎಂದು ಕೇಳಿದೆ.

ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಆಮೇಲೆ ಕಣ್ಣೊರೆಸಿಕೊಂಡರು. ನಾನು ಮತ್ತೇನೂ ವಿವರಿಸಬೇಕಾಗಲಿಲ್ಲ.

ಓದುಗರೇ, ಇಂಥ ಹಸಿವು ನಮ್ಮಲ್ಲಿ ಅನೇಕರಿಗಿದೆ. ಚಿಕ್ಕಂದಿನಲ್ಲಿ ಸಿಗದದ್ದನ್ನು ಸಂಬಳ ಬರುವ ಕಾಲಕ್ಕೆ ಕೊಂಡು ಕೊಂಡು ಗುಡ್ಡೆ ಹಾಕುತ್ತೇವೆ. ಆದರೆ ಆ ಹಳೆಯ ಹುಡುಗನಿಗೆ ನಾವು ಈಗ ಎಷ್ಟು ಕೊಟ್ಟರೂ ತಲುಪುವುದಿಲ್ಲ. ಕೈಗೆ ಸಿಗುವ ಹುಡುಗ ಪಕ್ಕದಲ್ಲೇ ನಿಂತಿರುತ್ತಾನೆ.

ಅವರಿಗೆ ನಾನು ಬೀರು ಖಾಲಿ ಮಾಡಿ ಎನ್ನಲಿಲ್ಲ. ಹಾಗೆ ಹೇಳುವುದು ಸುಲಭ, ಕೇಳುವವರು ಕಡಿಮೆ. ಒಂದು ಪ್ರಶ್ನೆ ಮಾತ್ರ ಕೇಳಿದೆ. "ಆರುನೂರ ಹದಿನೆಂಟರಲ್ಲಿ ಒಂದೇ ಒಂದನ್ನು ಇಟ್ಟುಕೊಳ್ಳಬೇಕೆಂದರೆ ಯಾವುದು?" ಯೋಚಿಸಲೇ ಇಲ್ಲ. ಬಿಳಿಯ ಅಂಬಾಸಡರ್ ಎಂದರು. ಅದೇನೂ ದುಬಾರಿಯದಲ್ಲ, ಅಪರೂಪದ್ದೂ ಅಲ್ಲ. ಅದು ಅವರ ಅಪ್ಪನ ಕಾರು. ಆ ಕಾರಿನ ಬಗ್ಗೆ ಮಗನಿಗೆ ಹೇಳಿದ್ದೀರಾ ಎಂದೆ. ಇಲ್ಲವೆಂದರು. ಅಜ್ಜ ಎಂಥ ಮನುಷ್ಯ, ರಾತ್ರಿ ಎಷ್ಟು ಹೊತ್ತಿಗೆ ಮನೆಗೆ ಬರುತ್ತಿದ್ದರು, ಬೆಳಗಿನ ಪೂಜೆಗೆ ತಪ್ಪದೆ ಹೇಗೆ ಎದ್ದು ಹೋಗುತ್ತಿದ್ದರು, ಇದಾವುದೂ ಆ ಮಗುವಿಗೆ ಗೊತ್ತಿರಲಿಲ್ಲ. ನಾವು ಕಥೋಲಿಕರು ಸಂತರ ಪಟವನ್ನು, ಅವಶೇಷಗಳನ್ನು ಪೂಜ್ಯಭಾವದಿಂದ ಇಟ್ಟುಕೊಳ್ಳುವುದು ಮರ ಲೋಹಗಳ ಮೇಲಿನ ಮೋಹಕ್ಕಲ್ಲ. ಅವುಗಳ ಹಿಂದೆ ಒಬ್ಬ ವ್ಯಕ್ತಿ ಇದ್ದಾರೆ, ಅವರ ಬದುಕನ್ನು ಮಕ್ಕಳಿಗೆ ಹೇಳುತ್ತೇವೆ. ಹೇಳದೆ ಬೀಗ ಹಾಕಿಟ್ಟರೆ ಅದು ಬರೀ ಸತು.

ಮನೆಯ ಲೆಕ್ಕದ ವಿಷಯವನ್ನು ಗಂಡಹೆಂಡತಿ ಕೂತು ಮಾತಾಡಿಕೊಂಡರೆಂದು ಕೇಳಿದ್ದೇನೆ. ತಿಂಗಳಿಗೆ ಒಂದು ಕಾರು, ಅದೂ ಮನೆಯ ವಿಳಾಸಕ್ಕೆ. ಅವರ ಸಂಗ್ರಹ ಈಗಲೂ ದೊಡ್ಡದೇ. ಅವರೇನೂ ಸಂತರಾಗಿಲ್ಲ, ಮೊನ್ನೆ ಸಿಕ್ಕಾಗ ಯಾವುದೋ ಹೊಸ ಬೈಕಿನ ಮಾದರಿಯ ಬಗ್ಗೆ ಹತ್ತು ನಿಮಿಷ ನನ್ನನ್ನು ನಿಲ್ಲಿಸಿ ಮಾತಾಡಿದರು.

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ಆಗಮನಕಾಲದ ಕೊನೆಗೆ ನಮ್ಮ ದೇವಾಲಯದಲ್ಲಿ ಗೋದಲಿ ಕಟ್ಟುತ್ತೇವೆ. ರಾಗಿ ಮೊಳಕೆಯ ಹಸಿರು, ಕನ್ನಡಿಯ ಕೆರೆ, ಮರಳಿನ ದಾರಿ ಎಲ್ಲ ನಿಮಗೆ ಗೊತ್ತು. ಪ್ರತಿ ವರ್ಷ ಯಾವುದಾದರೊಂದು ಮಗು ಆ ದಾರಿಯ ಮೇಲೆ ಗುಟ್ಟಾಗಿ ಒಂದು ಆಟದ ಕಾರು ಇಟ್ಟು ಹೋಗುತ್ತದೆ, ಹಿರಿಯರು ಬೆತ್ಲೆಹೇಮಿನಲ್ಲಿ ಕಾರು ಎಲ್ಲಿತ್ತು ಎಂದು ತೆಗೆದಿಡುತ್ತಾರೆ. ಈ ವರ್ಷ ತೆಗೆಯಬೇಡಿ ಎಂದು ಹೇಳಿದ್ದೇನೆ. ದಾರಿಯನ್ನು ಒಂದು ಗೇಣು ಅಗಲವಾಗಿಯೇ ಮಾಡಲು ಯುವಕರು ಒಪ್ಪಿದ್ದಾರೆ. ಯಾವ ಮನೆಯ ಬೀರುವಿನ ಕಾರಾದರೂ ಆಗಬಹುದು, ಬೈಕಾದರೂ ಆಗಬಹುದು. ಆದರೆ ಪೊಟ್ಟಣ ಬಿಚ್ಚಿರಬೇಕು, ಮತ್ತು ಮಗುವೇ ಅದನ್ನು ಕೈಯಲ್ಲಿ ಹಿಡಿದು ತರಬೇಕು.